ಪೋಸ್ಟ್ ಮಾಸ್ಟರ್ ಬಾಗಿಲ ಮೇಲಿನ ಜಗಳ

[ದೃಶ್ಯ: ಟೆಕ್ಸಾಸ್ ನಕ್ಷೆ. ಆನ್ಸನ್ ಊರಿನ ಮೇಲೆ ಒಂದು ಕೆಂಪು ಚುಕ್ಕೆ.]

ಅಮೆರಿಕದ ಟೆಕ್ಸಾಸ್‌ನಲ್ಲಿ ಆನ್ಸನ್ ಅಂತ ಒಂದು ಸಣ್ಣ ಊರು. 1933ರಲ್ಲಿ ಈ ಊರಿನ ದೊಡ್ಡವರು ಸೇರಿ ಒಂದು ಕಾನೂನು ಮಾಡಿದರು. ಊರಲ್ಲಿ ಸಾರ್ವಜನಿಕವಾಗಿ ಡ್ಯಾನ್ಸ್ ಮಾಡುವಂತಿಲ್ಲ! ತಮಾಷೆಗೆ ಹೇಳುತ್ತಿಲ್ಲ, ನಿಜವಾದ ಕಾನೂನು. 1987ರವರೆಗೂ ಪುಸ್ತಕದಲ್ಲಿತ್ತು.

ಈಗ ಅದೇ ಊರಿನ ಪೋಸ್ಟ್ ಆಫೀಸಿಗೆ ಬನ್ನಿ. ಒಳಗೆ ಹೋಗಿ ತಲೆ ಎತ್ತಿ ನೋಡಿ. ಗೋಡೆ ಮೇಲೆ ಏನಿದೆ?

ಡ್ಯಾನ್ಸ್.

ಕೌಬಾಯ್‌ಗಳೂ ಹೆಂಗಸರೂ ಜೋಡಿ ಜೋಡಿಯಾಗಿ ಕುಣಿಯುತ್ತಿದ್ದಾರೆ. 1941ರಲ್ಲಿ ಜೆನ್ನಿ ಮ್ಯಾಗಫನ್ ಎಂಬ ಕಲಾವಿದೆ ಬರೆದ ಚಿತ್ರ. ಹೆಸರೇ 'ಕೌಬಾಯ್ ಡ್ಯಾನ್ಸ್'. ಈ ಊರಿನಲ್ಲಿ 1885ರಲ್ಲಿ ನಡೆದ ಕ್ರಿಸ್‌ಮಸ್ ಕುಣಿತ ಆ ಕಡೆಯೆಲ್ಲ ಹೆಸರುವಾಸಿ, ಅದನ್ನೇ ಗೋಡೆಗೇರಿಸಿದರು. ಕಾನೂನು ಬೇಡ ಅಂದದ್ದನ್ನು ಸರ್ಕಾರವೇ ದುಡ್ಡು ಕೊಟ್ಟು ಬರೆಸಿ, ದಿನಾ ಕಾಗದ ತೆಗೆದುಕೊಳ್ಳಲು ಬರುವವರ ಕಣ್ಣೆದುರು ಇಟ್ಟಿದೆ. ಚೆನ್ನಾಗಿದೆ ಅಲ್ವಾ?

ನಮಸ್ಕಾರ. ಅಮೆರಿಕದ ಸಣ್ಣ ಊರುಗಳ ಪೋಸ್ಟ್ ಆಫೀಸುಗಳಲ್ಲಿ ಇಂಥ ಗೋಡೆ ಚಿತ್ರಗಳು ಸಾವಿರಕ್ಕೂ ಜಾಸ್ತಿ ಇದ್ದವು. ಬಹಳಷ್ಟು ಈಗಲೂ ಇವೆ. ಟಿಕೆಟ್ ಇಲ್ಲ, ಗೈಡ್ ಇಲ್ಲ, ಕ್ಯೂ ಇದ್ದರೆ ಅದು ಸ್ಟಾಂಪಿನ ಕ್ಯೂ. ನೀವು ಅಲ್ಲಿ ಕೆಲಸದಲ್ಲಿದ್ದರೆ, ಅಥವಾ ಮಗಳ ಮನೆಗೆ ಅಂತ ಆರು ತಿಂಗಳಿಗೆ ಹೋಗಿ ನಯಾಗರಾ ನೋಡಿಯಾದ ಮೇಲೆ ಇನ್ನೇನು ಅಂತ ಕೂತಿದ್ದರೆ, ಈ ವಿಡಿಯೋ ನಿಮಗೇ.

[ದೃಶ್ಯ: 1930ರ ದಶಕದ ಕಪ್ಪು-ಬಿಳುಪು ಚಿತ್ರಗಳು. ಕೆಲಸಕ್ಕಾಗಿ ನಿಂತ ಸಾಲು.]

ಇದೆಲ್ಲ ಶುರುವಾದದ್ದೂ ಒಂದು ಕಾಗದದಿಂದಲೇ. 1933ರ ಮೇ ತಿಂಗಳು. ಅಮೆರಿಕದಲ್ಲಿ ದುಡಿಯುವ ನಾಲ್ಕು ಜನರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಊಟಕ್ಕೇ ಕಷ್ಟವಿರುವಾಗ ಚಿತ್ರ ಕೊಳ್ಳುವವರು ಯಾರು? ಜಾರ್ಜ್ ಬಿಡ್ಲ್ ಎಂಬ ಕಲಾವಿದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಒಂದು ಪತ್ರ ಹಾಕಿದ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಹಾಗಾಗಿ ಸಲುಗೆ ಇತ್ತು. ಮೆಕ್ಸಿಕೋದಲ್ಲಿ ಸರ್ಕಾರ ಕಲಾವಿದರಿಗೆ ಪ್ಲಂಬರ್ ಕೂಲಿ ಕೊಟ್ಟು ಸರ್ಕಾರಿ ಕಟ್ಟಡಗಳ ಗೋಡೆ ಮೇಲೆ ಚಿತ್ರ ಬರೆಸಿದೆ, ಎಂಥ ಕೆಲಸ ಬಂದಿದೆ ನೋಡು, ನಾವೂ ಯಾಕೆ ಮಾಡಬಾರದು ಎಂಬುದು ಪತ್ರದ ತಿರುಳು.

ಆ ವರ್ಷದ ಡಿಸೆಂಬರಿನಲ್ಲಿ ಕಲಾವಿದರಿಗೆ ಅಂತ ಒಂದು ಯೋಜನೆ ಬಂತು. ಆರೇಳು ತಿಂಗಳಿಗೆ ಮುಗಿಯಿತು. 1934ರ ಅಕ್ಟೋಬರಿನಲ್ಲಿ ಖಜಾನೆ ಇಲಾಖೆಯೊಳಗೆ ಚಿತ್ರಕಲೆ ಮತ್ತು ಶಿಲ್ಪಕ್ಕೆ ಅಂತಲೇ ಒಂದು ವಿಭಾಗ ಹುಟ್ಟಿತು. ಖಜಾನೆಗೂ ಚಿತ್ರಕ್ಕೂ ಏನು ಸಂಬಂಧ? ಆಗ ದೇಶದ ಪೋಸ್ಟ್ ಆಫೀಸುಗಳನ್ನು ಕಟ್ಟಿಸುತ್ತಿದ್ದದ್ದೇ ಆ ಇಲಾಖೆ. ಕಟ್ಟಡದ ಖರ್ಚಿನಲ್ಲಿ ಸುಮಾರು 1% ತೆಗೆದು ಕಲೆಗೆ ಇಡುವುದು ಅಂತಾಯಿತು. ಎಡ್ವರ್ಡ್ ಬ್ರೂಸ್ ಇದರ ಮುಖ್ಯಸ್ಥ. ಮೊದಲು ವಕೀಲ, ಆಮೇಲೆ ವ್ಯಾಪಾರಿ, ಕೊನೆಗೆ ಚಿತ್ರಕಾರ ಆದ ಮನುಷ್ಯ.

ಇಲ್ಲೊಂದು ಮಾತು. ಈ ಚಿತ್ರಗಳನ್ನು ತೋರಿಸಿ ಎಲ್ಲರೂ 'ಡಬ್ಲ್ಯೂಪಿಎ ಮ್ಯೂರಲ್' ಅನ್ನುತ್ತಾರೆ. ಅಲ್ಲ. ಡಬ್ಲ್ಯೂಪಿಎ ಬೇರೆ ಯೋಜನೆ, ಕೆಲಸವಿಲ್ಲದ ಕಲಾವಿದರಿಗೆ ಸಂಬಳ ಕೊಡುವಂಥದ್ದು. ಪೋಸ್ಟ್ ಆಫೀಸ್ ಚಿತ್ರಗಳದ್ದು ಪರಿಹಾರದ ಲೆಕ್ಕವಲ್ಲ, ಸ್ಪರ್ಧೆ. ಕಲಾವಿದರು ಹೆಸರಿಲ್ಲದೆ ಸ್ಕೆಚ್ ಕಳಿಸಬೇಕು. ಹೆಸರು ಬೇರೆ ಕವರಿನಲ್ಲಿ, ಸೀಲ್ ಹಾಕಿ. ತೀರ್ಪುಗಾರರು ಚಿತ್ರ ಆರಿಸಿದ ಮೇಲೆಯೇ ಕವರ್ ಒಡೆಯುವುದು. ಯಾರಿಗೂ ಗೊತ್ತಿಲ್ಲದ ಹುಡುಗ ಹುಡುಗಿಯರಿಗೆ ಕೆಲಸ ಸಿಕ್ಕಿದ್ದು ಹೀಗೆ. ಜಾರ್ಜಿಯಾದ ಕಾಮರ್ಸ್ ಎಂಬ ಊರಿಗೆ 1938ರಲ್ಲಿ ಹಳೆಯ ಅಂಚೆ ಮತ್ತು ರೈಲು ದಾರಿಯ ಚಿತ್ರ ಬರೆದ ಹುಡುಗ ಫಿಲಿಪ್ ಗಸ್ಟನ್, ಮುಂದೆ ಅಮೆರಿಕದ ದೊಡ್ಡ ಚಿತ್ರಕಾರರಲ್ಲಿ ಒಬ್ಬನಾದ.

ದುಡ್ಡು? ಸಣ್ಣ ಊರಿನ ಒಂದು ಚಿತ್ರಕ್ಕೆ ಸಾಮಾನ್ಯವಾಗಿ 700 ಡಾಲರ್ ಆಸುಪಾಸು. ಅದೂ ಮೂರು ಕಂತಿನಲ್ಲಿ. ಬಣ್ಣ, ಕ್ಯಾನ್ವಾಸ್, ಓಡಾಟ, ಗೋಡೆಗೆ ಅಂಟಿಸುವ ಖರ್ಚು ಎಲ್ಲ ಅದರಲ್ಲೇ. ಕೈಗೆ ಎಷ್ಟು ಉಳಿಯುತ್ತಿತ್ತೋ ನೀವೇ ಲೆಕ್ಕ ಹಾಕಿ.

[ದೃಶ್ಯ: ಪೋಸ್ಟ್ ಆಫೀಸ್ ಲಾಬಿಯ ಸರಳ ರೇಖಾಚಿತ್ರ. ಒಂದು ತುದಿಯಲ್ಲಿ ಬಾಗಿಲು, ಅದರ ಮೇಲೆ ಆಯತಾಕಾರದ ಜಾಗ.]

ಈ ಸಣ್ಣ ಪೋಸ್ಟ್ ಆಫೀಸುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಉದ್ದನೆಯ ಲಾಬಿ. ಒಂದು ಬದಿಗೆ ಕೌಂಟರ್. ಲಾಬಿಯ ತುದಿಗೆ ಪೋಸ್ಟ್ ಮಾಸ್ಟರ್ ಕೋಣೆ. ಆ ಕೋಣೆಯ ಬಾಗಿಲ ಮೇಲೆ ಸುಮಾರು 12 ಅಡಿ ಅಗಲ, 5 ಅಡಿ ಎತ್ತರದ ಖಾಲಿ ಗೋಡೆ. ಅದೇ ಕಲಾವಿದರ ಜಾಗ. ಬಾಗಿಲ ಚೌಕಟ್ಟು ಕೆಳಗಿನಿಂದ ಚಿತ್ರದೊಳಗೆ ನುಗ್ಗುತ್ತದೆ. ಅದನ್ನು ಹೇಗೆ ಮರೆಸುತ್ತಾರೆ ಅನ್ನುವುದೇ ಒಂದು ಆಟ. ನೋಡುವಾಗ ಇದನ್ನು ಗಮನಿಸಿ.

ಹೆಚ್ಚಿನವು ಗೋಡೆ ಮೇಲೆ ಬರೆದ ಚಿತ್ರಗಳೇ ಅಲ್ಲ! ಕಲಾವಿದರು ತಮ್ಮ ಸ್ಟುಡಿಯೋದಲ್ಲಿ ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದು, ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬಂದು, ವಾಲ್‌ಪೇಪರ್ ಥರ ಅಂಟಿಸಿದ್ದು.

ಇನ್ನು ಜಗಳಕ್ಕೆ ಬರೋಣ. ನನಗೆ ಈ ವಿಷಯ ಹಿಡಿಸಿದ್ದೇ ಜಗಳಗಳಿಂದ. ದರಿಯಾ ದೌಲತ್ ಗೋಡೆಯ ಯುದ್ಧದ ಚಿತ್ರ ಹೇಗಿರಬೇಕು ಅಂತ ಶ್ರೀರಂಗಪಟ್ಟಣದ ಜನರನ್ನು ಯಾರೂ ಕೇಳಿರಲಾರರು. ಇಲ್ಲಿ ಮಾತ್ರ ಕಲಾವಿದ ಒಂದು ಕಡೆ, ವಾಷಿಂಗ್ಟನ್ ಅಧಿಕಾರಿ ಒಂದು ಕಡೆ, ಊರವರು ಮತ್ತೊಂದು ಕಡೆ. ಸ್ಕೆಚ್ಚಿಗೆ ಒಪ್ಪಿಗೆ ಬೇಕು. ಪೂರ್ತಿ ಅಳತೆಯ ಕರಡಿಗೆ ಒಪ್ಪಿಗೆ ಬೇಕು. ಊರಿಗೊಮ್ಮೆ ಹೋಗಿ ನೋಡಿ ಬನ್ನಿ ಅಂತ ವಾಷಿಂಗ್ಟನ್ನಿನವರು ಹೇಳುತ್ತಿದ್ದರು. ಆದರೆ ಆ 700 ಡಾಲರಿನಲ್ಲಿ ನ್ಯೂಯಾರ್ಕಿನಿಂದ ಮರುಭೂಮಿಯ ಊರಿಗೆ ಎಷ್ಟು ಸಲ ಹೋಗಿಬರಲು ಸಾಧ್ಯ?

1939ರಲ್ಲಿ ಒಂದು ದೊಡ್ಡ ಸ್ಪರ್ಧೆ ನಡೆಯಿತು. ಆಗಿದ್ದದ್ದು 48 ರಾಜ್ಯ, ರಾಜ್ಯಕ್ಕೊಂದು ಪೋಸ್ಟ್ ಆಫೀಸ್. ಗೆದ್ದ ಸ್ಕೆಚ್‌ಗಳನ್ನು ಲೈಫ್ ಪತ್ರಿಕೆ ಡಿಸೆಂಬರಿನಲ್ಲಿ ಛಾಪಿಸಿತು. ಅರಿಜೋನಾದ ಸ್ಯಾಫರ್ಡ್ ಊರಿನವರು ನೋಡುತ್ತಾರೆ, ತಮ್ಮ ಪೋಸ್ಟ್ ಆಫೀಸಿಗೆ ಬರಲಿರುವುದು ಅಲ್ಲಿನ ಮೂಲನಿವಾಸಿಗಳಾದ ಅಪಾಚೆ ಜನರ ಕುಣಿತದ ಚಿತ್ರ. ಸೀಮೋರ್ ಫೋಗೆಲ್ ಎಂಬ ಕಲಾವಿದನದ್ದು. ಆ ಊರು ಕಟ್ಟಿದವರ ಮಕ್ಕಳು ಮೊಮ್ಮಕ್ಕಳಿಗೆ ಅಪಾಚೆ ಅಂದರೆ ತಮ್ಮ ಅಜ್ಜಂದಿರ ಜೊತೆ ಹೋರಾಡಿದವರು. ದಿನಾ ಅವರ ಮುಖ ನೋಡಬೇಕಾ ಅಂತ ಗಲಾಟೆ ಎದ್ದಿತು. ಫೋಗೆಲ್ ಸೋತ. ಗಿಲಾ ಕಣಿವೆಯ ಇತಿಹಾಸ ಅಂತ ಬೇರೆಯದೇ ಆರು ಚಿತ್ರ ಬರೆದು ಕೊಟ್ಟ. ಆ ನೆಲ ಮೊದಲು ಯಾರದಾಗಿತ್ತು ಅನ್ನುವುದು ಬೇರೆ ಮಾತು. ಅಪಾಚೆಗಳನ್ನು ಯಾರೂ ಕೇಳಲಿಲ್ಲ.

[ದೃಶ್ಯ: ಓಕ್ಲಹೋಮ ನಕ್ಷೆ. ವಾಟೋಂಗ, ಅನಡಾರ್ಕೊ.]

ಓಕ್ಲಹೋಮದಲ್ಲಿ ಮಾತ್ರ ಮೂಲನಿವಾಸಿಗಳು ಸುಮ್ಮನಿರಲಿಲ್ಲ. ವಾಟೋಂಗ ಊರಿನ ಪೋಸ್ಟ್ ಆಫೀಸಿಗೆ 1941ರಲ್ಲಿ ಈಡಿತ್ ಮಾಹಿಯರ್ ಎಂಬ ಕಲಾವಿದೆ ರೋಮನ್ ನೋಸ್ ಎಂಬ ಚೆಯೆನ್ ಜನಾಂಗದ ನಾಯಕನ ಚಿತ್ರ ಬರೆದರು. ಚೆಯೆನ್ ಹಿರಿಯ ರೆಡ್ ಬರ್ಡ್ ಬಂದು ನೋಡಿದ. ಇವನು ನಮ್ಮವನ ಹಾಗಿಲ್ಲ, ನವಾಹೋ ಜನಾಂಗದವನ ಹಾಗಿದ್ದಾನೆ ಅಂದ. ಚಿತ್ರದಲ್ಲಿರುವ ಮಗು ಹಂದಿಮರಿ ಥರ ಕಾಣುತ್ತದೆ ಅಂತಲೂ ಅಂದ. ಚೆಯೆನ್ ಜನ ಪೋಸ್ಟ್ ಆಫೀಸ್ ಮುಂದೆ ಪ್ರತಿಭಟನೆಗೆ ನಿಂತರು. ಸುದ್ದಿ ದೇಶವೆಲ್ಲ ಹಬ್ಬಿತು. ಚಿತ್ರ ಮಾತ್ರ ಅಲ್ಲೇ ಉಳಿಯಿತು.

ವಾಟೋಂಗ ನೋಡಿದವರು ಅಲ್ಲಿಗೇ ನಿಲ್ಲಬೇಡಿ. ದಕ್ಷಿಣಕ್ಕೆ ಅನಡಾರ್ಕೊ ಇದೆ, ಕಾರಿದ್ದರೆ ಒಂದೇ ದಿನದಲ್ಲಿ ಎರಡೂ ಆಗುತ್ತದೆ. ಅಲ್ಲಿನ ಪೋಸ್ಟ್ ಆಫೀಸಿನಲ್ಲಿ 16 ಚಿತ್ರಗಳಿವೆ. ಬರೆದದ್ದು ಕಿಯೋವಾ ಜನಾಂಗದ ಸ್ಟೀಫನ್ ಮೊಪೋಪ್, ಜೊತೆಗೆ ಜೇಮ್ಸ್ ಔಚಿಯಾ ಮತ್ತು ಸ್ಪೆನ್ಸರ್ ಅಸಾ. 1937ರ ಕೆಲಸ. ಯಾರೋ ಹೊರಗಿನವರು ಕಲ್ಪಿಸಿಕೊಂಡು ಬರೆದದ್ದಲ್ಲ, ತಮ್ಮ ಉಡುಗೆ, ತಮ್ಮ ಕುಣಿತ, ತಮ್ಮ ಬದುಕು. ಬೇರೆಯವರ ಬಗ್ಗೆ ಬರೆಯುವುದಕ್ಕೂ ತಮ್ಮ ಬಗ್ಗೆ ತಾವೇ ಬರೆಯುವುದಕ್ಕೂ ಏನು ವ್ಯತ್ಯಾಸ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಒಂದೇ ಪ್ರವಾಸ ಮಾಡಲು ಆಗುವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಮೇನ್ ರಾಜ್ಯದ ಕೆನೆಬಂಕ್‌ಪೋರ್ಟಿನಲ್ಲಿ ಜಗಳ ಸ್ವಲ್ಪ ತಮಾಷೆಯದು. 1941ರಲ್ಲಿ ಎಲಿಜಬೆತ್ ಟ್ರೇಸಿ ಸಮುದ್ರ ದಡದಲ್ಲಿ ಸ್ನಾನದ ಉಡುಪಿನಲ್ಲಿರುವ ಜನರನ್ನು ಬರೆದರು. ಹಡಗು ಕಟ್ಟಿದ ನಮ್ಮ ಊರಿಗೆ ಇದೇನು ಅವಮಾನ ಅಂತ ಊರವರು ಹಟಕ್ಕೆ ಬಿದ್ದರು. ಅಲ್ಲಿ ವಾಸವಾಗಿದ್ದ ಹೆಸರಾಂತ ಕಾದಂಬರಿಕಾರರೂ ಸೇರಿಕೊಂಡರು. 1945ರಲ್ಲಿ ಚಿತ್ರ ಇಳಿಯಿತು. ಅದರ ಜಾಗದಲ್ಲಿ ಹಡಗಿನ ಚಿತ್ರಗಳಿಗೆ ಪ್ರಸಿದ್ಧನಾದ ಗೋರ್ಡನ್ ಗ್ರ್ಯಾಂಟನ ಚಿತ್ರ ಬಂತು. ಊರು ಗೆದ್ದಿತು. ನನಗಂತೂ ಸ್ನಾನದವರೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.

ಎಲ್ಲ ಜಗಳವೂ ಹೀಗೆ ನಗುವಂಥದ್ದಲ್ಲ. ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಹೊಲದ ಚಿತ್ರಗಳು ಬೇಕಾದಷ್ಟಿವೆ. ಕಪ್ಪು ಜನ ಬಗ್ಗಿ ಹತ್ತಿ ಬಿಡಿಸುತ್ತಿರುತ್ತಾರೆ, ಬಿಳಿ ಯಜಮಾನ ನೇರವಾಗಿ ನಿಂತಿರುತ್ತಾನೆ. ಬರೆದ ಕಾಲಕ್ಕೆ ಅದು ಯಾರಿಗೂ ವಿಚಿತ್ರ ಅನಿಸಲಿಲ್ಲವೋ, ಅನಿಸಿದವರ ಮಾತು ನಡೆಯಲಿಲ್ಲವೋ. 2020ರಲ್ಲಿ ವರ್ಣಭೇದದ ವಿರುದ್ಧ ದೊಡ್ಡ ಚಳವಳಿ ಎದ್ದಾಗ ಅಂಚೆ ಇಲಾಖೆ ಇಂಥ ಕೆಲವು ಚಿತ್ರಗಳನ್ನು ಮುಚ್ಚಿತು. ಮೇರಿಲ್ಯಾಂಡಿನ ಕೇಟನ್ಸ್‌ವಿಲ್ ಅದರಲ್ಲೊಂದು. ನನ್ನ ಅಭಿಪ್ರಾಯ ಕೇಳಿದರೆ, ಮುಚ್ಚುವುದಕ್ಕಿಂತ ಪಕ್ಕದಲ್ಲಿ ಒಂದು ಬೋರ್ಡ್ ಹಾಕಿ ಕಥೆ ಹೇಳಬೇಕು. ಆದರೆ ದಿನಾ ಆ ಚಿತ್ರದ ಕೆಳಗೆ ಕ್ಯೂ ನಿಲ್ಲುವವನು ನಾನಲ್ಲ, ಅದೂ ನಿಜ.

[ದೃಶ್ಯ: ಅಯೋವಾದ ಮುಸುಕಿನ ಜೋಳದ ಹೊಲಗಳು, ಕಾರಿನ ಕಿಟಕಿಯಿಂದ.]

ಜಗಳ ಸಾಕಾಯಿತಾ? ಅಯೋವಾಕ್ಕೆ ಹೋಗಿ. ಅಲ್ಲಿ ಎಲ್ಲಿ ನೋಡಿದರೂ ಮುಸುಕಿನ ಜೋಳ, ಗೋಡೆ ಮೇಲೂ ಅದೇ. ಏಮ್ಸ್ ಊರಿನ ಪೋಸ್ಟ್ ಆಫೀಸಿನಲ್ಲಿ ಲೋವೆಲ್ ಹೌಸರ್ 1938ರಲ್ಲಿ ಬರೆದ ಚಿತ್ರವಿದೆ. ಒಂದು ಬದಿಯಲ್ಲಿ ಹಳೆಯ ಮಾಯಾ ರೈತ, ಇನ್ನೊಂದು ಬದಿಯಲ್ಲಿ ಅಯೋವಾದ ರೈತ, ನಡುವೆ ಜೋಳ. ಏಮ್ಸ್‌ನಲ್ಲಿ ಕೃಷಿಗೆ ಹೆಸರಾದ ದೊಡ್ಡ ವಿಶ್ವವಿದ್ಯಾಲಯ ಇದೆ, ಕನ್ನಡದ ಹುಡುಗರೂ ಅಲ್ಲಿ ಓದುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಕಾರ್ನಿಂಗ್. ಮೇರಿಯನ್ ಗಿಲ್ಮೋರ್ ಎಂಬ ಯುವತಿ 1941ರಲ್ಲಿ ಬರೆದ 'ಬ್ಯಾಂಡ್ ಕನ್ಸರ್ಟ್'. ಬೇಸಿಗೆಯ ಸಂಜೆ, ಊರ ಮಂಟಪದಲ್ಲಿ ವಾದ್ಯ, ಸುತ್ತ ಜನ. ಬೇರೇನೂ ಇಲ್ಲ, ಬೇಕಾಗಿಯೂ ಇಲ್ಲ.

ಹತ್ತಿರದಲ್ಲೇ ಮೌಂಟ್ ಏರ್. ಅಲ್ಲಿರುವುದು ಆರ್ ಫಿಶರ್ ಎಂಬ ಕಲಾವಿದ ಬರೆದ 'ಕಾರ್ನ್ ಪೆರೇಡ್', ಇದೂ 1941ರದ್ದೇ. ರಾಕ್ಷಸ ಗಾತ್ರದ ಒಂದು ಜೋಳದ ತೆನೆಯನ್ನು ಮೆರವಣಿಗೆ ಮಾಡಿಸುತ್ತಿದ್ದಾರೆ. ನಮ್ಮ ಜಂಬೂ ಸವಾರಿಯಲ್ಲಿ ಅಂಬಾರಿ ಬಂದಷ್ಟೇ ಗತ್ತು. ವಾಷಿಂಗ್ಟನ್ನಿನ ಗಂಭೀರ ಅಧಿಕಾರಿಗಳು ಇದಕ್ಕೆ ಹೇಗೆ ಸಹಿ ಹಾಕಿದರೋ, ನಾನಂತೂ ಅವರಿಗೆ ಕೈ ಮುಗಿಯುತ್ತೇನೆ.

ಯುದ್ಧ ಬಂತು, ಕಟ್ಟಡ ಕಟ್ಟುವುದು ನಿಂತಿತು, 1943ರಲ್ಲಿ ವಿಭಾಗ ಮುಚ್ಚಿತು. ಬ್ರೂಸ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದ. ಅಷ್ಟರೊಳಗೆ ಸುಮಾರು 1,100 ಗೋಡೆ ಚಿತ್ರ, ಮೇಲೆ 300ರಷ್ಟು ಶಿಲ್ಪಗಳು ಆಗಿದ್ದವು.

ಹೋಗುವವರಿಗೆ ಕೆಲವು ಮಾತು. ಹೊರಡುವ ಮುಂಚೆ ಚಿತ್ರ ಈಗ ಎಲ್ಲಿದೆ ಅಂತ ನೋಡಿಕೊಳ್ಳಿ. ಎಷ್ಟೋ ಪೋಸ್ಟ್ ಆಫೀಸುಗಳು ಹೊಸ ಕಟ್ಟಡಕ್ಕೆ ಹೋಗಿವೆ. ಹಳೆಯ ಕಟ್ಟಡ ಲೈಬ್ರರಿಯೋ ಮತ್ತೇನೋ ಆಗಿರುತ್ತದೆ. ಚಿತ್ರ ಕೆಲವು ಕಡೆ ಕಟ್ಟಡದ ಜೊತೆ ಉಳಿದಿದೆ, ಕೆಲವು ಕಡೆ ಮ್ಯೂಸಿಯಂ ಸೇರಿದೆ. 'ಲಿವಿಂಗ್ ನ್ಯೂ ಡೀಲ್' ಎಂಬ ತಂಡದ ನಕ್ಷೆ ಆನ್‌ಲೈನಿನಲ್ಲಿದೆ, ಊರಿನ ಹೆಸರು ಹಾಕಿದರೆ ಸಾಕು. ಸಣ್ಣ ಊರಿನಲ್ಲಿ ಕೌಂಟರ್ ಮಧ್ಯಾಹ್ನ ಊಟಕ್ಕೆ ಮುಚ್ಚಬಹುದು, ಆದರೆ ಬಾಕ್ಸ್‌ಗಳಿರುವ ಲಾಬಿ ತೆರೆದೇ ಇರುವುದು ಜಾಸ್ತಿ.

ಫೋಟೋ ತೆಗೆಯುವ ಮುಂಚೆ ಪೋಸ್ಟ್ ಮಾಸ್ಟರನ್ನು ಕೇಳಿ. ಅದು ನಿಯಮ, ಸುದ್ದಿಗಾಗಿ ತೆಗೆಯುವವರಿಗೆ ಮಾತ್ರ ಸಡಿಲ. ಕೇಳಿದರೆ ಇನ್ನೊಂದು ಲಾಭ ಇದೆ. ನಮ್ಮ ಊರಿನ ಚಿತ್ರ ನೋಡಲು ಇಷ್ಟು ದೂರದಿಂದ ಬಂದಿದ್ದಾರೆ ಅಂತ ಗೊತ್ತಾದರೆ ಯಾರಿಗೆ ತಾನೇ ಮಾತು ಬರುವುದಿಲ್ಲ? ಚಿತ್ರದಲ್ಲಿರುವ ಕುದುರೆ ಸರಿ ಇಲ್ಲ, ಆ ಮರ ಇಲ್ಲಿ ಬೆಳೆಯುವುದೇ ಇಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಎಂಬತ್ತು ವರ್ಷದ ಹಳೆಯ ತಕರಾರು, ಇನ್ನೂ ಬಿಸಿ ಆರಿರುವುದಿಲ್ಲ.

ಆಮೇಲೆ ಕೌಂಟರಿನಲ್ಲಿ ಒಂದು ವಿದೇಶಿ ಅಂಚೆಯ ಸ್ಟಾಂಪ್ ಕೊಳ್ಳಿ. ಒಂದು ಪೋಸ್ಟ್ ಕಾರ್ಡಿಗೆ ಅಂಟಿಸಿ ಊರಿಗೆ ಬರೆಯಿರಿ. ಹಾಗೇ ಡಬ್ಬಿಗೆ ಹಾಕಬೇಡಿ, ಕೈ ಮುದ್ರೆ ಒತ್ತಿಕೊಡಿ ಅಂತ ಕೇಳಿ. ಆಗ ಕಾರ್ಡಿನ ಮೇಲೆ ಆ ಪುಟ್ಟ ಊರಿನ ಹೆಸರೇ ಬೀಳುತ್ತದೆ. ಅದು ಹಾಸನಕ್ಕೋ ಶಿರಸಿಗೋ ತಲುಪುವ ಹೊತ್ತಿಗೆ ನೀವೇ ವಾಪಸ್ ಬಂದು ಬಾಗಿಲು ತೆಗೆದು ಇಸಿದುಕೊಳ್ಳಬೇಕಾದರೂ ಆಶ್ಚರ್ಯವಿಲ್ಲ.

[ದೃಶ್ಯ: ಪೋಸ್ಟ್ ಕಾರ್ಡ್. ಮುದ್ರೆಯಲ್ಲಿ 'ಆನ್ಸನ್, ಟೆಕ್ಸಾಸ್'.]