ಅದೇ ಕಥೆ, ಮೂರು ಪ್ರತಿ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಕಪಾಟಿನಲ್ಲಿ ಒಂದೇ ಕಥೆಯ ಮೂರು ಪ್ರತಿಗಳು ಪಕ್ಕಪಕ್ಕ ನಿಂತಿವೆ. ಕಥೆಯ ಹೆಸರು ‘ದಿ ಬ್ರೈನ್ ಆಫ್ ಮಾರ್ಬಿಯಸ್’. ಒಂದು 1984ರ ವಿಡಿಯೋ ಕ್ಯಾಸೆಟ್. ಇನ್ನೊಂದು 1990ರ ಕ್ಯಾಸೆಟ್. ಮೂರನೆಯದು 2008ರ ಡಿವಿಡಿ. ಮನೆಗೆ ಬಂದ ನನ್ನ ಅಕ್ಕ ಅವನ್ನು ನೋಡಿ ಕೇಳಿದಳು, “ಮೂರರಲ್ಲೂ ಅದೇ ಕಥೆ ತಾನೇ? ಒಂದು ಸಾಲದಾ?”

ಅವಳ ಪ್ರಶ್ನೆಗೆ ಆವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಕೊಡುತ್ತೇನೆ.

ಇದು ‘ಡಾಕ್ಟರ್ ಹೂ’ ಧಾರಾವಾಹಿಯ ಕಥೆ. ಬ್ರಿಟನ್ನಿನ ಬಿಬಿಸಿ ಇದನ್ನು ಶುರು ಮಾಡಿದ್ದು 1963ರ ನವೆಂಬರ್ 23ರಂದು, ಒಂದು ಶನಿವಾರ ಸಂಜೆ. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಒಬ್ಬ ಅಲೆಮಾರಿ, ಅವನನ್ನು ಎಲ್ಲರೂ ಕರೆಯುವುದು ಡಾಕ್ಟರ್ ಅಂತ. ಅವನ ವಾಹನ ಹೊರಗಿನಿಂದ ನೋಡಿದರೆ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆ, ಅಂದರೆ ಪೊಲೀಸರಿಗೆ ಫೋನ್ ಮಾಡಲು ಬೀದಿಯಲ್ಲಿ ಇಡುತ್ತಿದ್ದ ಗೂಡು. ಒಳಗೆ ಹೋದರೆ ದೊಡ್ಡ ಹಜಾರ. 1989ರವರೆಗೆ, 26 ವರ್ಷ, ಈ ಅಲೆಮಾರಿಯ ಸಾಹಸ ನಡೆದೇ ಇತ್ತು. ಹೆಚ್ಚಿನ ಕಥೆಗಳು ನಾಲ್ಕೋ ಆರೋ ಕಂತಿನವು. ಒಂದೊಂದು ಕಂತು 25 ನಿಮಿಷದ ಆಸುಪಾಸು. ಪ್ರತಿ ಕಂತಿನ ಕೊನೆಗೆ ಯಾರಾದರೂ ದೊಡ್ಡ ಗಂಡಾಂತರದಲ್ಲಿ ಸಿಕ್ಕಿಬೀಳುತ್ತಾರೆ, ತಕ್ಷಣ ಆ ಹೆಸರಾಂತ ಸಂಗೀತ ಶುರು. ಮುಂದೇನಾಯಿತು ಅಂತ ತಿಳಿಯಲು ಒಂದು ವಾರ ಕಾಯಬೇಕು.

ಈಗ ಆ ಮೂರು ಪ್ರತಿಗಳ ವಿಷಯ. ಮಾರ್ಬಿಯಸ್ ಕಥೆ ನಾಲ್ಕು ಕಂತಿನದು, ಹೆಚ್ಚುಕಡಿಮೆ 100 ನಿಮಿಷ. 1984ರ ಕ್ಯಾಸೆಟ್ಟಿನಲ್ಲಿ ಇರುವುದು ಸುಮಾರು ಒಂದು ಗಂಟೆ ಮಾತ್ರ. ಉಳಿದದ್ದು ಕತ್ತರಿಗೆ ಹೋಯಿತು. ಆಗಿನ ಲೆಕ್ಕ ಬೇರೆ. ಕಂತುಗಳನ್ನೆಲ್ಲ ಹೊಲಿದು ಒಂದು ಸಿನಿಮಾ ಥರ ಮಾಡಿಕೊಡುತ್ತಿದ್ದರು. ಕಂತಿನ ಕೊನೆಯ ಗಂಡಾಂತರ, ಸಂಗೀತ, ಹೆಸರಿನ ಪಟ್ಟಿ ಎಲ್ಲ ಮಾಯ. 1990ರ ಕ್ಯಾಸೆಟ್ಟಿನಲ್ಲಿ ಪೂರ್ತಿ ಕಥೆ ಬಂತು. ಡಿವಿಡಿಯಲ್ಲಿ ಚಿತ್ರ ಶುಚಿಯಾಯಿತು, ನಟರ ಮಾತು, ಆ ಕಾಲದ ನೆನಪುಗಳು ಸೇರಿಕೊಂಡವು. ಹಾಗಾದರೆ ಕತ್ತರಿಸಿದ ಹಳೆಯ ಕ್ಯಾಸೆಟ್ ಯಾಕೆ ಬೇಕು? ಯಾಕೆಂದರೆ ಆರೇಳು ವರ್ಷ ಜನ ಮನೆಯಲ್ಲಿ ನೋಡಿದ ಮಾರ್ಬಿಯಸ್ ಅದೇ. ಎಷ್ಟೋ ಮಕ್ಕಳಿಗೆ ಕಥೆ ಇರುವುದೇ ಅಷ್ಟು ಅಂತ ಅನ್ನಿಸಿತ್ತು. ಆ ರೂಪ ಆ ಟೇಪಿನಲ್ಲಿದೆ.

ಈ ಧಾರಾವಾಹಿಯ ಮೊದಲ ಕ್ಯಾಸೆಟ್ ಬಂದದ್ದು 1983ರಲ್ಲಿ, ‘ರಿವೆಂಜ್ ಆಫ್ ದಿ ಸೈಬರ್‌ಮೆನ್’. ಬೆಲೆ 39 ಪೌಂಡ್ 95 ಪೆನ್ಸ್. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಅದೇ ವರ್ಷ ಧಾರಾವಾಹಿಗೆ 20 ತುಂಬಿತ್ತು. ಇಂಗ್ಲೆಂಡಿನ ಲಾಂಗ್‌ಲೀಟ್‌ನಲ್ಲಿ ದೊಡ್ಡ ಅಭಿಮಾನಿ ಜಾತ್ರೆ ನಡೆಯಿತು. ಯಾವ ಕಥೆ ಮೊದಲು ಬೇಕು ಅಂತ ಅಲ್ಲಿ ಕೇಳಿದಾಗ ಜನ ಹೇಳಿದ್ದು ಬೇರೆಯೇ ಹೆಸರು, 1967ರ ‘ದಿ ಟೂಮ್ ಆಫ್ ದಿ ಸೈಬರ್‌ಮೆನ್’. ಅದನ್ನು ಕೊಡಲು ಬಿಬಿಸಿಯ ಹತ್ತಿರ ಅದೇ ಇರಲಿಲ್ಲ.

ಇರಲಿಲ್ಲ ಅಂದರೆ, ಅಳಿಸಿಬಿಟ್ಟಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅರವತ್ತರ ದಶಕದಲ್ಲಿ ಕಾರ್ಯಕ್ರಮಗಳನ್ನು ಎರಡು ಇಂಚು ಅಗಲದ ಟೇಪಿನಲ್ಲಿ ಮುದ್ರಿಸುತ್ತಿದ್ದರು. ಆ ಟೇಪು ತುಂಬಾ ದುಬಾರಿ. ಒಮ್ಮೆ ಪ್ರಸಾರವಾದ ಮೇಲೆ ಅದನ್ನೇ ಅಳಿಸಿ ಇನ್ನೊಂದಕ್ಕೆ ಬಳಸುವುದು ವಾಡಿಕೆ. ನಟರ ಸಂಘದ ಜತೆ ಇದ್ದ ಒಪ್ಪಂದದ ಪ್ರಕಾರ ಮರುಪ್ರಸಾರಕ್ಕೂ ಮಿತಿ ಇತ್ತು. ಮುಂದೆ ಬಣ್ಣದ ಟಿವಿ ಬಂತು, ಕಪ್ಪುಬಿಳುಪು ಕಾರ್ಯಕ್ರಮ ಯಾರಿಗೆ ಬೇಕು ಅನ್ನುವ ಭಾವನೆ ಬೆಳೆಯಿತು. ಜನ ಇದನ್ನು ಮನೆಯಲ್ಲಿಟ್ಟುಕೊಂಡು ನೋಡುತ್ತಾರೆ ಅನ್ನುವ ಯೋಚನೆಯೇ ಆಗ ಯಾರಿಗೂ ಇರಲಿಲ್ಲ. ಹೊರದೇಶಗಳಿಗೆ ಮಾರಲು 16 ಮಿಲಿಮೀಟರ್ ಫಿಲ್ಮಿನಲ್ಲಿ ಪ್ರತಿ ಮಾಡುತ್ತಿದ್ದರು. ಟಿವಿ ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಪ್ರತಿಗಳು ಅವು. ಮಾರಾಟದ ಹಕ್ಕಿನ ಅವಧಿ ಮುಗಿದಾಗ ಅವನ್ನೂ ನಾಶ ಮಾಡಿದರು. 1978ರ ಹೊತ್ತಿಗೆ ಇದು ನಿಂತಿತು. ಅಷ್ಟರಲ್ಲಿ ಮೊದಲ ಆರು ವರ್ಷದ 253 ಕಂತುಗಳಲ್ಲಿ ದೊಡ್ಡ ಪಾಲು ಹೋಗಿತ್ತು.

ಆದರೆ ಹೊರದೇಶಕ್ಕೆ ಹೋದ ಫಿಲ್ಮುಗಳೆಲ್ಲ ಸುಟ್ಟುಹೋಗಿರಲಿಲ್ಲ. 1992ರ ಶುರುವಿನ ಹೊತ್ತಿಗೆ ಟೂಮ್ ಕಥೆಯ ನಾಲ್ಕೂ ಕಂತುಗಳು ಹಾಂಗ್‌ಕಾಂಗ್‌ನಿಂದ ವಾಪಸು ಬಂದವು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ, ಕ್ಯಾಸೆಟ್ ಅಂಗಡಿಗೆ ಬಂತು. ಒಂಬತ್ತು ವರ್ಷದ ಹಿಂದೆ ಜನ ಕೇಳಿದ್ದು ಕೊನೆಗೂ ಕೈಗೆ ಸಿಕ್ಕಿತು ನೋಡಿ. ಈ ಕ್ಯಾಸೆಟ್ ನನ್ನ ಬಳಿ ಇದೆ. ಡಿವಿಡಿಯ ಚಿತ್ರ ಇದಕ್ಕಿಂತ ಎಷ್ಟೋ ಚೆನ್ನಾಗಿದೆ, ನಿಜ. ಆದರೂ ಕೈಗೆತ್ತಿಕೊಂಡಾಗ ಮೈ ಜುಮ್ಮೆನ್ನುವುದು ಈ ಕ್ಯಾಸೆಟ್ಟಿಗೇ.

ಇನ್ನು ಬಣ್ಣದ ವಿಷಯ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಭಾಗ ಇದು.

1970ರಿಂದ ಧಾರಾವಾಹಿ ಬಣ್ಣದಲ್ಲಿ ಬಂತು. ಆದರೆ ಆ ಕಾಲದ ಕೆಲವು ಟೇಪುಗಳನ್ನೂ ಅಳಿಸಿದರು. ಉಳಿದದ್ದು ಕಪ್ಪುಬಿಳುಪು ಫಿಲ್ಮ್ ಪ್ರತಿ ಮಾತ್ರ. 1971ರ ‘ದಿ ಡೀಮನ್ಸ್’ ಕಥೆಗೆ ಹೀಗೇ ಆಯಿತು. ಐದು ಕಂತಿನಲ್ಲಿ ನಾಲ್ಕನೆಯದು ಮಾತ್ರ ಬಣ್ಣದಲ್ಲಿ ಉಳಿದಿತ್ತು. ಅದೃಷ್ಟಕ್ಕೆ ಅಮೆರಿಕದಲ್ಲಿ ಈ ಕಥೆ ಪ್ರಸಾರವಾದಾಗ ಅಲ್ಲಿನ ಅಭಿಮಾನಿಯೊಬ್ಬರು ಮನೆಯ ಯಂತ್ರದಲ್ಲಿ ಮುದ್ರಿಸಿಕೊಂಡಿದ್ದರು. ಆ ಟೇಪಿನಲ್ಲಿ ಬಣ್ಣ ಇತ್ತು, ಆದರೆ ಚಿತ್ರ ಮಂಜುಮಂಜು. ಫಿಲ್ಮಿನಲ್ಲಿ ಚಿತ್ರ ಸ್ಪಷ್ಟವಾಗಿತ್ತು, ಬಣ್ಣ ಇರಲಿಲ್ಲ. 1992ರಲ್ಲಿ ಒಂದರ ಬಣ್ಣವನ್ನು ಇನ್ನೊಂದರ ಚಿತ್ರದ ಮೇಲೆ ಕೂರಿಸಿದರು. ಟೇಪಿನ ಮತ್ತು ಫಿಲ್ಮಿನ ಚಿತ್ರದ ಅಳತೆ ಬೇರೆ, ಸೆಕೆಂಡಿಗೆ ಬರುವ ಚಿತ್ರಗಳ ಲೆಕ್ಕ ಬೇರೆ. ಅವನ್ನು ಹೊಂದಿಸುವುದು ಹರಿದ ಎರಡು ಸೀರೆಯನ್ನು ಎಳೆಗೆ ಎಳೆ ಸೇರಿಸಿ ಹೊಲಿದಷ್ಟು ನಾಜೂಕಿನ ಕೆಲಸ. ಮಾಡಿದವರು ಬಿಬಿಸಿಯ ಒಳಗೇ ಇದ್ದ ಕೆಲವು ತಂತ್ರಜ್ಞರು. ಅವರೂ ಅಭಿಮಾನಿಗಳೇ. ಮುಂದೆ ಡಿವಿಡಿಗಳ ದುರಸ್ತಿಯನ್ನೂ ಅವರೇ ವಹಿಸಿಕೊಂಡರು. ರೆಸ್ಟೊರೇಷನ್ ಟೀಮ್ ಅಂತಲೇ ಅವರಿಗೆ ಹೆಸರು ಬಂತು.

ಆಮೇಲೆ ನಡೆದದ್ದು ಇನ್ನೂ ಬೆರಗು. ಬಣ್ಣದ ಕಾರ್ಯಕ್ರಮವನ್ನು ಕಪ್ಪುಬಿಳುಪು ಫಿಲ್ಮಿಗೆ ಇಳಿಸುವಾಗ, ಬಣ್ಣದ ಸಂಕೇತವನ್ನು ಪೂರ್ತಿ ಸೋಸಿ ತೆಗೆಯದಿದ್ದರೆ, ಫಿಲ್ಮಿನ ಮೇಲೆ ಸಣ್ಣಸಣ್ಣ ಚುಕ್ಕಿಗಳು ಉಳಿಯುತ್ತಿದ್ದವು. ಬಹಳ ವರ್ಷ ಎಲ್ಲರಿಗೂ ಅದು ಬರೀ ಗಲೀಜು. ಎಷ್ಟೋ ಕಾಲದ ಮೇಲೆ, ಆ ಚುಕ್ಕಿಗಳಲ್ಲೇ ಬಣ್ಣದ ಗುರುತು ಅಡಗಿದೆ ಅಂತ ಹೊಳೆಯಿತು. ಕಂಪ್ಯೂಟರಿನಿಂದ ಚುಕ್ಕಿಗಳನ್ನು ಓದಿಸಿ ಬಣ್ಣವನ್ನು ಹೊರತೆಗೆದರು. ಕಪ್ಪುಬಿಳುಪು ಚಿತ್ರದ ಒಳಗೆ ಅದರ ಅಸಲಿ ಬಣ್ಣವೇ ಅಷ್ಟು ವರ್ಷ ಕೂತಿತ್ತು! 2013ರಲ್ಲಿ ‘ದಿ ಮೈಂಡ್ ಆಫ್ ಈವಿಲ್’ ಡಿವಿಡಿ ಈ ರೀತಿ ಬಣ್ಣದಲ್ಲಿ ಬಂತು. ಅದರ ಮೊದಲ ಕಂತಿನ ಫಿಲ್ಮಿನಲ್ಲಿ ಮಾತ್ರ ಚುಕ್ಕಿಗಳೇ ಇರಲಿಲ್ಲ. ಅದಕ್ಕೆ ಕೈಯಿಂದಲೇ ಬಣ್ಣ ತುಂಬಿದರು. ಅದೇ ಕಥೆಯ ಹಳೆಯ ಕ್ಯಾಸೆಟ್ ಹಾಕಿದರೆ ಕಪ್ಪುಬಿಳುಪು. ಡಿವಿಡಿ ಹಾಕಿದರೆ ಬಣ್ಣ. ಎರಡನ್ನೂ ಒಂದರ ಹಿಂದೆ ಒಂದು ನೋಡಿ, ಆಗ ಆ ಕೆಲಸದ ಬೆಲೆ ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಬೇಗ ಹೇಳಿಬಿಡುತ್ತೇನೆ. ಮೊದಲು ಟಿವಿಯಲ್ಲಿ ಬಂದಾಗ ಈ ಕಂತುಗಳಲ್ಲಿ ಚಲನೆ ನೀರು ಹರಿದಂತೆ ಇರುತ್ತಿತ್ತು, ಸೆಕೆಂಡಿಗೆ 50 ಚಿತ್ರಗಳು. ಫಿಲ್ಮಿಗೆ ಇಳಿದಾಗ ಅದು 25ಕ್ಕೆ ಬಂತು. ಆ ಹರಿವು ಹೋಯಿತು. ವಿಡ್‌ಫೈರ್ ಅನ್ನುವ ವಿಧಾನದಿಂದ ನಡುವಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ಡಿವಿಡಿಯಲ್ಲಿ ಆ ಹರಿವನ್ನು ಮರಳಿ ತಂದರು. ನಟರು ಸ್ಟುಡಿಯೋದಲ್ಲಿ ಈಗಲೇ ನಿಂತು ಮಾತಾಡುತ್ತಿದ್ದಾರೆ ಅನ್ನಿಸುತ್ತದೆ.

ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕು ಬ್ಲೂರೇ, ಅದನ್ನು ಕೊಳ್ಳುವವರಿಗೆ ಒಂದು ಮಾತು. ಇಡೀ ಹಳೆಯ ಧಾರಾವಾಹಿಯಲ್ಲಿ ಪೂರ್ತಿಯಾಗಿ ಫಿಲ್ಮಿನಲ್ಲೇ ಚಿತ್ರೀಕರಿಸಿದ ಕಥೆ ಒಂದೇ, 1970ರ ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’. ಸ್ಟುಡಿಯೋದಲ್ಲಿ ಮುಷ್ಕರ ನಡೆದಿದ್ದರಿಂದ ತಂಡ ಹೊರಗೆ ಹೋಗಿ 16 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆಯಬೇಕಾಯಿತು. ಹಾಗಾಗಿ ಬ್ಲೂರೇಗೆ ತಕ್ಕ ಸ್ಪಷ್ಟತೆ ನಿಜವಾಗಿ ಸಿಗುವುದು ಅದರಲ್ಲಿ. ಉಳಿದವು ಬಹುಪಾಲು ಟೇಪಿನವು, ಅವನ್ನು ಹಿಗ್ಗಿಸಿ ಕೊಟ್ಟಿದ್ದಾರೆ. 2018ರಿಂದ ಒಂದೊಂದು ಸೀಸನ್ನಿಗೆ ಒಂದೊಂದು ಪೆಟ್ಟಿಗೆಯಂತೆ ಬರುತ್ತಿವೆ, ಮೊದಲು ಬಂದದ್ದು 12ನೇ ಸೀಸನ್. ಕ್ರಮವಾಗಿ ಬರುತ್ತಿಲ್ಲ. ಸೀಮಿತ ಆವೃತ್ತಿ ಬೇಗ ಖಾಲಿಯಾಗುತ್ತದೆ, ಆಮೇಲೆ ಹಳೆ ಪ್ರತಿಗೆ ಸಿಕ್ಕಾಪಟ್ಟೆ ಬೆಲೆ ಹೇಳುತ್ತಾರೆ. ನನ್ನ ಸಲಹೆ, ಕಾಯಿರಿ. ಸಾದಾ ಡಬ್ಬಿಯಲ್ಲಿ ಅದೇ ಡಿಸ್ಕುಗಳು ಮತ್ತೆ ಬರುತ್ತವೆ.

ಡಿಸ್ಕು ಯಾವ ದೇಶಗಳ ಯಂತ್ರದಲ್ಲಿ ಓಡುತ್ತದೆ ಅಂತ ಹೇಳುವ ಪ್ರದೇಶದ ಸಂಖ್ಯೆಯನ್ನೂ ನೋಡಿಕೊಳ್ಳಿ. ಬ್ರಿಟನ್ನಿನ ಡಿವಿಡಿಗೆ 2, ಅಮೆರಿಕದ್ದಕ್ಕೆ 1. ಇದು ಬರೀ ಯಂತ್ರದ ವಿಷಯ ಅಲ್ಲ. 1965ರ ‘ದಿ ಚೇಸ್’ ಕಥೆಯಲ್ಲಿ ಬೀಟಲ್ಸ್ ತಂಡ ಹಾಡುವ ಒಂದು ತುಣುಕು ಬರುತ್ತದೆ. ಬ್ರಿಟನ್ನಿನ ಡಿವಿಡಿಯಲ್ಲಿ ಅದು ಇದೆ. ಅಮೆರಿಕದ ಡಿವಿಡಿಯಲ್ಲಿ ಹಕ್ಕಿನ ಕಾರಣಕ್ಕೆ ತೆಗೆದಿದ್ದಾರೆ. ಎರಡು ಡಬ್ಬಿಯ ಮೇಲೂ ಅದೇ ಹೆಸರು, ಒಳಗಿನದು ಮಾತ್ರ ಬೇರೆ.

ಈಗೆಲ್ಲ ಆನ್‌ಲೈನ್‌ನಲ್ಲಿ ಸಿಗುತ್ತಲ್ಲ, ಡಿಸ್ಕ್ ಯಾಕೆ ಅಂತ ಕೆಲವರು ಕೇಳುತ್ತಾರೆ. 2023ರಲ್ಲಿ ಬಿಬಿಸಿ ತನ್ನ ಆನ್‌ಲೈನ್ ಸೇವೆ ಐಪ್ಲೇಯರ್‌ನಲ್ಲಿ ಈ ಧಾರಾವಾಹಿ ಮತ್ತು ಅದಕ್ಕೆ ಸೇರಿದ ಕಾರ್ಯಕ್ರಮಗಳ 800ಕ್ಕೂ ಹೆಚ್ಚು ಕಂತುಗಳನ್ನು ಇಟ್ಟಿತು. ಆದರೆ 1963ರ ಮೊಟ್ಟಮೊದಲ ಕಥೆಯ ನಾಲ್ಕು ಕಂತುಗಳೇ ಅದರಲ್ಲಿ ಇರಲಿಲ್ಲ, ಹಕ್ಕಿನ ತಕರಾರು. ಡಿವಿಡಿ ಕೊಂಡಿದ್ದವರ ಮನೆಯಲ್ಲಿ ಅವು ಸುಮ್ನೆ ಕಪಾಟಿನಲ್ಲಿ ಕೂತಿದ್ದವು.

ಕ್ಯಾಸೆಟ್ ಕೂಡಿಸುವವರಿಗೆ ನನ್ನ ಅನುಭವದಿಂದ ಒಂದು ಎಚ್ಚರಿಕೆ. ಒಮ್ಮೆ ಹಳೆ ಕ್ಯಾಸೆಟ್ಟುಗಳ ಒಂದು ಕಟ್ಟು ಕೊಂಡೆ. ಖುಷಿಯಲ್ಲಿ ನೋಡದೆ ಒಂದನ್ನು ಯಂತ್ರಕ್ಕೆ ಹಾಕಿದೆ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಇತ್ತು. ಅದು ಯಂತ್ರದಲ್ಲಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡಿತು. ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿನ ಚಿತ್ರವೂ ಕೆಟ್ಟಿತು. ಅಂದಿನಿಂದ ಕ್ಯಾಸೆಟ್ಟಿನ ಕಿಂಡಿಯಲ್ಲಿ ಬ್ಯಾಟರಿ ಬಿಟ್ಟು ನೋಡದೆ ಯಂತ್ರಕ್ಕೆ ಹಾಕುವುದಿಲ್ಲ. ಟೇಪನ್ನು ಪೂರ್ತಿ ಸುತ್ತಿ, ಪುಸ್ತಕದಂತೆ ನಿಲ್ಲಿಸಿ ಇಡಿ. ತೇವ ಬೇಡ, ಬಿಸಿಲು ಬೇಡ, ಸ್ಪೀಕರಿನ ಪಕ್ಕ ಅಂತೂ ಬೇಡವೇ ಬೇಡ, ಅದರಲ್ಲಿ ಅಯಸ್ಕಾಂತ ಇರುತ್ತದೆ.

ಕೊನೆಗೆ ಮತ್ತೆ ಅಕ್ಕನ ವಿಷಯಕ್ಕೆ ಬರುತ್ತೇನೆ, ಅದಕ್ಕೆ ಮುಂಚೆ ಸ್ವಲ್ಪ ಹಿನ್ನೆಲೆ. 2013ರಲ್ಲಿ ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರದಲ್ಲಿ ಸಿಕ್ಕಿದ ಒಂಬತ್ತು ಕಂತುಗಳು ವಾಪಸು ಬಂದ ಸುದ್ದಿ ಹೊರಬಿತ್ತು. ಆಗಲೂ ಇನ್ನೂ 97 ಕಂತು ಸಿಗದೇ ಉಳಿದಿದ್ದವು. ಸಿಕ್ಕಿದವುಗಳಿಂದ 1968ರ ‘ದಿ ವೆಬ್ ಆಫ್ ಫಿಯರ್’ ಕಥೆ ಹೆಚ್ಚುಕಡಿಮೆ ಪೂರ್ತಿಯಾಯಿತು. ಆರರಲ್ಲಿ ಐದು ಕಂತು. ಸಿಗದೇ ಹೋದದ್ದು ಮೂರನೆಯದು. ಮುಂದೆ ಎಷ್ಟೋ ವರ್ಷ ಡಾಕ್ಟರನ ಗೆಳೆಯನಾಗಿ ಉಳಿದ ಲೆತ್‌ಬ್ರಿಜ್-ಸ್ಟುವರ್ಟ್ ಅನ್ನುವ ಸೇನಾಧಿಕಾರಿ ಮೊದಲ ಬಾರಿ ಮುಖ ತೋರಿಸುವುದು ಅದೇ ಕಂತಿನಲ್ಲಿ.

ಆದರೆ ಅದರ ದನಿ ಇದೆ. ಸಿಗದೇ ಉಳಿದ ಅಷ್ಟೂ ಕಂತುಗಳ ದನಿ ಇದೆ. ಆಗ ಹುಡುಗರಾಗಿದ್ದ ಅಭಿಮಾನಿಗಳು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡಿದ್ದರು. ಜಾನ್ ಕ್ಯೂರಾ ಅನ್ನುವವರು ಪ್ರಸಾರದ ಹೊತ್ತಿಗೆ ಟಿವಿ ಪರದೆಯ ಫೋಟೋ ತೆಗೆದು ಮಾರುತ್ತಿದ್ದರು. 2014ರ ಡಿವಿಡಿಯಲ್ಲಿ ಆ ಫೋಟೋ ಮತ್ತು ಆ ದನಿ ಸೇರಿಸಿ ಮೂರನೇ ಕಂತನ್ನು ಕಟ್ಟಿದ್ದಾರೆ. 2021ರ ಪ್ರತಿಯಲ್ಲಿ ಅದೇ ಕಂತನ್ನು ಅನಿಮೇಷನ್‌ನಲ್ಲಿ ಮಾಡಿದ್ದಾರೆ. ನನ್ನ ಬಳಿ ಎರಡೂ ಇವೆ. ನನಗೆ ಫೋಟೋಗಳದ್ದೇ ಹೆಚ್ಚು ಇಷ್ಟ. ಆವತ್ತಿನ ಮುಖಗಳು ಅಲ್ಲಿವೆ.

ಕಳೆದ ಸಲ ಅಕ್ಕ ಬಂದಾಗ 2014ರದ್ದನ್ನು ಹಾಕಿದೆ. ಎರಡು ಕಂತು ಆರಾಮಾಗಿ ನೋಡಿದಳು. ಮೂರನೆಯದು ಶುರುವಾದಾಗ, “ಇದೇನು, ಚಿತ್ರ ನಿಂತುಹೋಯ್ತಲ್ಲ?” ಅಂದಳು. ಹಿನ್ನೆಲೆ ಹೇಳಿದೆ. ಮಾತಿಲ್ಲದೆ ಇಡೀ ಕಂತು ಕೇಳಿದಳು. ನಾಲ್ಕನೆಯದರಲ್ಲಿ ಚಿತ್ರ ಮತ್ತೆ ಓಡತೊಡಗಿತು. ಸಮವಸ್ತ್ರದ ಅಧಿಕಾರಿ ನಡೆಯುತ್ತಾ ಮಾತಾಡಿದ. ಅಕ್ಕ ಮುಂದಕ್ಕೆ ಬಾಗಿ, “ಓ, ಆ ದನಿ ಇವನದೇ ಅಲ್ವಾ!” ಅಂದಳು.

ನಮಸ್ಕಾರ.