ಸೋರೆ ಹೂವು ಕತ್ತಲಾದ ಮೇಲೆ ಯಾರಿಗಾಗಿ ಅರಳುತ್ತದೆ?

[ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಬಾಲ್ಕನಿ, ಸಂಜೆ. ಗ್ರಿಲ್ ತುಂಬ ಸೋರೆ ಬಳ್ಳಿ. ದೂರದಲ್ಲಿ ಲೋಕಲ್ ರೈಲಿನ ಸದ್ದು.]

ನಮಸ್ಕಾರ. ಇದು ನಮ್ಮ ಮನೆಯ ಸೋರೆ ಬಳ್ಳಿ. ಇಲ್ಲಿ ತರಕಾರಿ ಮಾರುವ ಭಾಜಿವಾಲರ ಬಾಯಲ್ಲಿ ದುಧಿ. ಹೋದ ಮಳೆಗಾಲದಲ್ಲಿ ಹೂವೇನೋ ಜಾಸ್ತಿನೇ ಬಿಟ್ಟಿತು. ಕಾಯಿ ಮಾತ್ರ ಒಂದೂ ಕಚ್ಚಲಿಲ್ಲ. ಸುಮ್ನೆ ಗೊಬ್ಬರ ಸುರಿದದ್ದೇ ಬಂತು.

[ಎರಡು ಹೂವು, ಹತ್ತಿರದಿಂದ]

ಇವೆರಡನ್ನೂ ನೋಡಿ. ಒಂದಕ್ಕೆ ಬರೀ ಉದ್ದ ತೊಟ್ಟು. ಅದು ಗಂಡು ಹೂವು. ಇನ್ನೊಂದರ ಬುಡದಲ್ಲಿ ಪುಟ್ಟ ಸೋರೆಕಾಯಿಯೇ ಇದೆ, ಮೈತುಂಬ ನವಿರು ರೋಮ. ಅದು ಹೆಣ್ಣು. ಬಳ್ಳಿ ಮೊದಲು ಬಿಡುವುದು ಗಂಡು ಹೂವನ್ನೇ, ಅವು ಉದುರಿದರೆ ಚಿಂತೆ ಬೇಡ. ಆದರೆ ಹೆಣ್ಣು ಹೂವಿನ ಮಿಡಿ ಹಳದಿಯಾಗಿ ಮುದುರಿತೇ? ಹೆಚ್ಚಾಗಿ ಪರಾಗ ತಲುಪಿಲ್ಲ ಎಂದೇ ಅರ್ಥ.

ತಲುಪಿಸಬೇಕಾದವರು ಯಾರು? ಹೂವಿನ ಬಣ್ಣ ನೋಡಿ, ಆಮೇಲೆ ಗಡಿಯಾರ ನೋಡಿ. ಸಿಹಿಗುಂಬಳದ ಹಳದಿ ಹೂವು ಬೆಳಗಿನ ಜಾವ ಅರಳಿ ಜೇನ್ನೊಣವನ್ನು ಕರೆಯುತ್ತದೆ. ಸೋರೆ ಹೂವು ಬಿಳಿ, ಅರಳುವುದು ಸಂಜೆ. ಕತ್ತಲಲ್ಲೂ ಕಾಣುವ ಬಣ್ಣ ಅದು, ಅಲ್ವಾ? ಕಾಯುವುದು ರಾತ್ರಿ ಹಾರುವ ಪತಂಗಗಳಿಗೆ. ಬೊರಿವಲಿಯ ನ್ಯಾಷನಲ್ ಪಾರ್ಕಿನಲ್ಲಿ ಬೂರುಗದ ಮರವಿದೆ, ಮರಾಠಿಯಲ್ಲಿ ಕಾಟೇಸಾವರ್. ಅದರ ದೊಡ್ಡ ಕೆಂಪು ಹೂವಿಗೆ ಮೈನಾ, ಬುಲ್‌ಬುಲ್ ಮುತ್ತುತ್ತವೆ. ಜೇನ್ನೊಣದ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಕ್ಕಿಗೆ ಚೆನ್ನಾಗಿ ಕಾಣುತ್ತದೆ.

[ಚಿತ್ರ: ಪರಾಗದ ಕಣದಿಂದ ಇಳಿಯುವ ನಾಳ]

ಪರಾಗ ಬಿದ್ದ ಮೇಲಿನ ಕಥೆ ನನಗೆ ಇನ್ನೂ ಇಷ್ಟ. ಆ ಕಣ ಮೊಳೆತು, ಸಣ್ಣ ನಾಳವನ್ನು ಅಂಡದವರೆಗೆ ಇಳಿಸುತ್ತದೆ. ಅದರೊಳಗೆ ಎರಡು ಗಂಡು ಕೋಶ. ಒಂದರಿಂದ ಮರಿಗಿಡ, ಇನ್ನೊಂದರಿಂದ ಆ ಮರಿಗೆ ಬುತ್ತಿ. 1898ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಸೆರ್ಗೈ ನವಾಶಿನ್ ಇದನ್ನು ಲಿಲ್ಲಿ ಹೂವಿನ ಜಾತಿಯಲ್ಲಿ ಕಂಡುಹಿಡಿದರು. ತೆಂಗಿನಲ್ಲಿ ಆ ಬುತ್ತಿಯೇ ಎಳನೀರು! ದಾದರ್ ಸ್ಟೇಷನ್ ಹೊರಗೆ ನಿಂತು ನಾವು ಹೀರುವುದು ತೆಂಗಿನ ಮರಿಯ ಊಟವನ್ನು.

[ಮತ್ತೆ ಬಾಲ್ಕನಿ. ಮೊಬೈಲ್ ಟಾರ್ಚ್ ಬೆಳಕು.]

ನಮ್ಮದು ನಾಲ್ಕನೇ ಮಹಡಿ. ಪತಂಗ ಬಂದದ್ದನ್ನು ನಾನಂತೂ ನೋಡಿಲ್ಲ. ಹಾಗಾಗಿ ಆ ಕೆಲಸ ಈಗ ನನ್ನದೇ. ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ನಾಳೆ ಬೆಳಗ್ಗೆ ಮಾಡೋಣ ಅಂತ ಬಿಡಬೇಡಿ, ಬಿಸಿಲೇರಿದರೆ ಹೂವು ಬಾಡಿರುತ್ತದೆ. ಕೆಲವು ದಿನದಲ್ಲಿ ಮಿಡಿ ದಪ್ಪಗಾಯಿತೇ, ಕಾಯಿ ಕಚ್ಚಿತು.

[ತಕ್ಕಡಿಯ ಮೇಲೆ ಒಂದು ಸೋರೆಕಾಯಿ]

ಇದು ಈ ಸಲದ್ದು. ಅಮ್ಮ ಆಗಲೇ ಪಲ್ಯಕ್ಕೆ ಕೇಳಿದ್ದಾರೆ. ವಿಡಿಯೋ ಮುಗಿಯಲಿ ಅಂದಿದ್ದೆ.