ಎಲೆಯೊಳಗಿನ ಬೂಷ್ಟು

ಕೇಳುಗರಿಗೆ ನಮಸ್ಕಾರ.

ಬೂಷ್ಟು ಅಂದ ಕೂಡಲೇ ಒದ್ದೆ ಗೋಡೆ, ಮುಗ್ಗಲು ವಾಸನೆ ನೆನಪಾಗುತ್ತದೆ, ಅಲ್ವಾ? ಆದರೆ ನಳನಳಿಸುವ ಔಷಧಿ ಗಿಡದ ಎಲೆಯೊಳಗೂ ಬೂಷ್ಟು ಇರುತ್ತದೆ. ಕೂದಲಿಗಿಂತ ತೆಳ್ಳಗಿನ ಎಳೆಗಳಾಗಿ, ಜೀವಕೋಶಗಳ ಸಂದಿಯಲ್ಲಿ. ಗಿಡಕ್ಕೆ ರೋಗವಿಲ್ಲ, ಎಲೆ ಮೇಲೆ ಒಂದು ಚುಕ್ಕೆಯೂ ಇಲ್ಲ. ಇಂಥ ಶಿಲೀಂಧ್ರಗಳಿಗೆ ಎಂಡೋಫೈಟ್ ಅಂತ ಹೆಸರು.

ಸಿಕ್ಕ ಬೂಷ್ಟು ಎಲೆಯೊಳಗಿಂದಲೇ ಬಂತು ಅಂತ ನಂಬುವುದು ಹೇಗೆ? ಬೂಷ್ಟಿನ ಕಣಗಳು ಗಾಳಿಯಲ್ಲೆಲ್ಲ ಇವೆಯಲ್ಲ! ಅದಕ್ಕೇ ಎಲೆಯನ್ನು ಮೊದಲು ಶೇಕಡಾ 70ರ ಆಲ್ಕೋಹಾಲಿನಲ್ಲಿ, ಆಮೇಲೆ ಬ್ಲೀಚ್ ದ್ರಾವಣದಲ್ಲಿ ಅದ್ದಿ, ಕ್ರಿಮಿರಹಿತ ನೀರಿನಲ್ಲಿ ತೊಳೆಯುತ್ತಾರೆ. ಚೂರು ಮಾಡಿ, ಆಲೂಗಡ್ಡೆ ರಸ, ಸಕ್ಕರೆ ಸೇರಿಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಇಡುತ್ತಾರೆ. ಕೊನೆಗೆ ತೊಳೆದ ನೀರನ್ನೂ ಚೆಲ್ಲುವುದಿಲ್ಲ. ಅದನ್ನು ಬೇರೆ ತಟ್ಟೆಗೆ ಸವರುತ್ತಾರೆ. ಅಲ್ಲಿ ಏನೂ ಬೆಳೆಯದೆ, ಎಲೆಯ ಕೊಯ್ದ ಅಂಚಿನಿಂದ ಬಿಳಿ ನೂಲು ಇಣುಕಿದರೆ, ಅದು ಒಳಗಿನದೇ ಅಂತ ಲೆಕ್ಕ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಹಿಡಿಸುವುದು ಈ ತೊಳೆದ ನೀರಿನ ಸಾಕ್ಷಿ.

ಆ ಬೂಷ್ಟಿನಲ್ಲಿ ಆಂಟಿಆಕ್ಸಿಡೆಂಟ್, ಅಂದರೆ ಫ್ರೀ ರ‍್ಯಾಡಿಕಲ್ ಎಂಬ ಚಂಚಲ ಅಣುಗಳನ್ನು ತಣಿಸುವ ವಸ್ತು, ಇದೆಯೇ ಅಂತ ನೋಡಲು ಅದನ್ನು ಬೆಳೆಸಿ, ರಸ ತೆಗೆದು, ಡಿಪಿಪಿಎಚ್ ಅನ್ನುವ ಕಡುನೇರಳೆ ದ್ರಾವಣಕ್ಕೆ ಹಾಕುತ್ತಾರೆ. ಡಿಪಿಪಿಎಚ್ ಒಂದು ಫ್ರೀ ರ‍್ಯಾಡಿಕಲ್. ಅದರಲ್ಲೊಂದು ಎಲೆಕ್ಟ್ರಾನ್ ಜೋಡಿಯಿಲ್ಲದೆ ಒಂಟಿಯಾಗಿದೆ. ರಸದಲ್ಲಿ ಆಂಟಿಆಕ್ಸಿಡೆಂಟ್ ಇದ್ದರೆ ಆ ಕೊರತೆ ತುಂಬುತ್ತದೆ. ನೇರಳೆ ಬಣ್ಣ ಮೆಲ್ಲಗೆ ಮಾಸಿ ಹಳದಿಯಾಗುತ್ತದೆ. ಎಷ್ಟು ಮಾಸಿತು ಅನ್ನುವುದನ್ನು 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ.

ಪಪುವಾ ನ್ಯೂಗಿನಿಯಲ್ಲಿ ಅಳಲೆ, ತಾರೆ ಮರಗಳ ಕುಲಕ್ಕೇ ಸೇರಿದ ಒಂದು ಮರವಿದೆ. ಅದರೊಳಗೆ ಸಿಕ್ಕ ಪೆಸ್ಟಲೋಟಿಯಾಪ್ಸಿಸ್ ಮೈಕ್ರೋಸ್ಪೋರಾ ಎಂಬ ಶಿಲೀಂಧ್ರ ಪೆಸ್ಟಾಸಿನ್, ಐಸೋಪೆಸ್ಟಾಸಿನ್ ಎಂಬ ಎರಡು ಆಂಟಿಆಕ್ಸಿಡೆಂಟ್‌ಗಳನ್ನು ಕೊಟ್ಟಿತು. 2003ರಲ್ಲಿ ವರದಿಯಾದ ಪೆಸ್ಟಾಸಿನ್, ವಿಟಮಿನ್ ಇ ಮಾದರಿಯಲ್ಲಿ ತಯಾರಿಸಿದ ಟ್ರೋಲಾಕ್ಸ್‌ಗಿಂತ ಸುಮಾರು ಹತ್ತು ಪಟ್ಟು ಚುರುಕು.

ಹಾಗಂತ ಇದನ್ನು ನುಂಗಿದರೆ ಆಯಸ್ಸು ಹೆಚ್ಚುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ. ಕೊಳವೆಯಲ್ಲಿ ಬಣ್ಣ ಮಾಸುವುದೇ ಬೇರೆ. ಕರುಳು ದಾಟಿ, ಯಕೃತ್ತಿನ ಕೈಗೆ ಸಿಕ್ಕಿ, ರಕ್ತದಲ್ಲಿ ಉಳಿದು ಕೆಲಸ ಮಾಡುವುದೇ ಬೇರೆ. ವಿಷವೋ ಅಲ್ಲವೋ ಅಂತಲೂ ನೋಡಬೇಕು.

ಇನ್ನೊಂದು ಪೇಚಾಟವಿದೆ. ಗಿಡದಿಂದ ಬಿಡಿಸಿ ತಟ್ಟೆಯಿಂದ ತಟ್ಟೆಗೆ ಬದಲಿಸುತ್ತಾ ಹೋದರೆ, ಎಷ್ಟೋ ಶಿಲೀಂಧ್ರಗಳು ದಷ್ಟಪುಷ್ಟವಾಗಿ ಬೆಳೆಯುತ್ತವೆ, ಆದರೆ ಬೇಕಾದ ರಾಸಾಯನಿಕ ಮಾಡುವುದನ್ನೇ ಬಿಟ್ಟುಬಿಡುತ್ತವೆ. ಆಗ ಕೆಲವರು ಅದೇ ಗಿಡದ ಎಲೆ ರಸವನ್ನು ಒಂದಿಷ್ಟು ಅಗರ್‌ಗೆ ಬೆರೆಸಿ ನೋಡುತ್ತಾರೆ. ಕೆಲವೊಮ್ಮೆ ಶಿಲೀಂಧ್ರ ಮತ್ತೆ ಕೆಲಸ ಶುರು ಮಾಡುತ್ತದೆ.

ನಮಸ್ಕಾರ.